ಠಾಣೆಯ ಮರ್ಯಾದೆ

ಊರಿಗೆ ಡ್ರೋನ್ ಬೇಕೆಂದು ಆಧುನೀಕರಣ ಸಮಿತಿ, ಹೊಸ ಗಾಡಿ ಬೇಕೆಂದು ಅಗ್ನಿಶಾಮಕ ಠಾಣಾಧಿಕಾರಿ. ಠಾಣೆಯ ಅಂಗಳದಲ್ಲಿ ಬೆಳಗಿನಿಂದ ಇದೇ ವಾದ. ಕೊನೆಗೆ ಅಧಿಕಾರಿ ಕೈಮುಗಿದೇಬಿಟ್ಟರು.

“ಫೋನ್ ಬಂದ್ರೆ ಈ ಗಾಡೀನ ಆರು ಜನ ತಳ್ಳಬೇಕು ಸಾರ್. ಹೋದ ವಾರ ನಾವು ತಲುಪೋ ಹೊತ್ತಿಗೆ ತಾಯಿ, ಮಗು ಇಬ್ರೂ ಉಳಿದಿರ್ಲಿಲ್ಲ.”

“ಎಲ್ಲ ಠಾಣೆಯವರೂ ಹೀಗೇ ಹೇಳ್ತಾರೆ. ಎಲ್ಲಿ, ನಮ್ಮೆದುರೇ ಸ್ಟಾರ್ಟ್ ಮಾಡ್ಸಿ,” ಎಂದರು ಸಮಿತಿಯ ಅಧ್ಯಕ್ಷರು.

ಅಧಿಕಾರಿಗೆ ಹೋದ ಜೀವ ಬಂದಂತಾಯಿತು. ಚಾಲಕ ಮುದ್ದಯ್ಯ ಹತ್ತಿ ಕೀಲಿ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಗುಡುಗಿತು. ಸಮಿತಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಂಡು ಹೊರಟಿತು.

ಮುದ್ದಯ್ಯ ಇಳಿದುಬಂದು ಮೆಲ್ಲಗೆ ಹೇಳಿದ: “ದೊಡ್ಡೋರ ಮುಂದೆ ನಿಮ್ಮ ಮರ್ಯಾದೆ ಹೋಗಬಾರ್ದು ಅಂತ ಪಕ್ಕದ ಠಾಣೆ ಬ್ಯಾಟರಿ ತಂದು ಹಾಕಿದ್ದೆ ಸಾರ್. ಸಂಜೆಯೊಳಗೆ ವಾಪಸ್ ಕೊಡ್ಬೇಕು.”