ಹೆಗಲ ಮೇಲಿನ ಕೈ

ಫಾದರ್ ನೀರಿನ ಬಟ್ಟಲು ಹಿಡಿದು ಸಾಲಿನ ಆ ತುದಿಯಿಂದ ಹೊರಟರು. ಕ್ರೈಸ್ತರಾಗಲು ದೀಕ್ಷಾಸ್ನಾನಕ್ಕೆ ನಿಂತವರ ಹಿಂದೆ, ಧರ್ಮದಲ್ಲಿ ಅಪ್ಪನ ಸ್ಥಾನದ ಒಬ್ಬೊಬ್ಬ ಜ್ಞಾನಪಿತ ನಿಂತು ಹೆಗಲ ಮೇಲೆ ಕೈಯಿಡಬೇಕು, ಅದು ಕ್ರಮ. ವೈರಿಂಗ್ ಕೆಲಸದ ತಮ್ಮನ ಹಿಂದೆ ಮಾತ್ರ ಯಾರೂ ಇರಲಿಲ್ಲ. ಬೆಂಚಿನಲ್ಲಿ ಕೂತಿದ್ದ ಅಕ್ಕ ಮೂಗು ಮುರಿದಳು.

ಅವಳದು ಹಿಟ್ಟಿನ ಗಿರಣಿ, ಗಿರಣಿಯ ಸದ್ದನ್ನೂ ಮೀರಿಸುವ ನಾಲಿಗೆ. ತಮ್ಮನ ಈ ಹುಚ್ಚಾಟ ಎಲ್ಲಿಗೆ ಮುಟ್ಟುತ್ತದೋ ನೋಡೋಣವೆಂದೇ ಬಂದಿದ್ದಳು. ಬೆಳಿಗ್ಗೆ ಕೇಳಿಯೂ ಇದ್ದಳು, "ಇರೋ ದೇವರುಗಳು ನಿನಗೇನು ಕಡಿಮೆ ಮಾಡಿದ್ರೋ?"

"ಕಡಿಮೆ ಏನಿಲ್ಲಕ್ಕ. ಏಣಿಯಿಂದ ಬಿದ್ದು ಆಸ್ಪತ್ರೇಲಿದ್ದಾಗ ಆ ಕಾನ್ವೆಂಟಿನ ಸಿಸ್ಟರ್ ದಿನಾ ಬಂದು ಪಕ್ಕದಲ್ಲಿ ಕೂರ್ತಿದ್ರಲ್ಲ, ಅವರು ಪ್ರಾರ್ಥನೆ ಮಾಡ್ತಿದ್ರೆ ನನ್ನ ಭಯ ಹೋಗ್ತಿತ್ತು. ಆಮೇಲೆ ನಾನೇ ಮಾಡೋಕೆ ಶುರು ಮಾಡ್ದೆ. ಈಗ ಬಿಟ್ಟಿರೋಕಾಗಲ್ಲ."

"ಆ ಸಿಸ್ಟರ್ ಬೇರೆ ಊರಿಗೆ ಹೋಗಾಯ್ತು. ಈಗ ಯಾರಿದ್ದಾರೆ ನಿನಗೆ ಅಲ್ಲಿ?"

"ಚರ್ಚಿನ ಸಭೆಯ ಅಧ್ಯಕ್ಷರಿದ್ದಾರೆ. ನಾನೇ ನಿನ್ನ ಜ್ಞಾನಪಿತ, ಇಡೀ ಸಭೆ ನಿನ್ನ ಬೆನ್ನಿಗಿದೆ ಅಂದಿದ್ದಾರೆ."

ಸಭೆಯ ಅಧ್ಯಕ್ಷ ಊರಿಗೆಲ್ಲ ಜ್ಞಾನಪಿತ. ಎದುರಿಗೆ ಕ್ಯಾಮೆರಾ ಇದ್ದರೆ ಹೊಸಬರನ್ನು ಅಪ್ಪಿ ಮುದ್ದಾಡುವ ಮನುಷ್ಯ. ಕ್ಯಾಮೆರಾ ಹೋದ ಮೇಲೆ ಅವರ ಮುಖವೇ ನೆನಪಿರುವುದಿಲ್ಲ. ಈಗಲೂ ತಡವಾಗಿ ದಡಬಡಿಸಿ ಬಂದವನು ತಮ್ಮನನ್ನು ದಾಟಿ, ಪಕ್ಕದಲ್ಲಿ ದೀಕ್ಷೆಗೆ ನಿಂತಿದ್ದ ಬೇಕರಿಯವನನ್ನೇ ತಮ್ಮನೆಂದುಕೊಂಡು ಅವನ ಹೆಗಲ ಮೇಲೆ ಭದ್ರವಾಗಿ ಕೈಯಿಟ್ಟು, ಕಣ್ಣು ಮುಚ್ಚಿ ಭಕ್ತಿಯಲ್ಲಿ ಮುಳುಗಿಬಿಟ್ಟ. ಬೇಕರಿಯವನ ಇನ್ನೊಂದು ಹೆಗಲ ಮೇಲೆ ಅವನ ಜ್ಞಾನಪಿತನ ಕೈ ಆಗಲೇ ಇತ್ತು. ಒಬ್ಬನಿಗೆ ಇಬ್ಬರು ಅಪ್ಪಂದಿರು, ತಮ್ಮನಿಗೆ ಒಬ್ಬನೂ ಇಲ್ಲ! ಬೆನ್ನಿಗಿದ್ದ ಸಭೆ ನೋಡಿತು, ಪಿಸುಗುಟ್ಟಿತು, ಕೂತಲ್ಲಿಂದ ಅಲುಗಲಿಲ್ಲ. ಅಧ್ಯಕ್ಷರ ತಪ್ಪನ್ನು ಅಧ್ಯಕ್ಷರಿಗೆ ಹೇಳುವ ಎದೆ ಯಾರಿಗಿದೆ?

ತಮ್ಮ ಹಿಂದಿರುಗಿ ನೋಡಿದ. ಅವನ ಮುಖ ಸಣ್ಣದಾಗಿತ್ತು. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಥೂ ಎಂದುಕೊಂಡು ಎದ್ದವಳು ಬೆಂಚಿನವರ ಕಾಲು ತುಳಿದುಕೊಂಡೇ ಹೋಗಿ, ತಮ್ಮನ ಹೆಗಲ ಮೇಲೆ ಕೈಯೂರಿ ನಿಂತಳು.

"ಅಕ್ಕಾ, ನೀನು ನಿಲ್ಲೋ ಹಾಗಿಲ್ಲ..."

"ಸುಮ್ನೆ ಮುಂದೆ ನೋಡೋ."

ಅಷ್ಟರಲ್ಲಿ ಫಾದರ್ ಬಂದರು, ಅವಳನ್ನು ಕಂಡು ಗಲಿಬಿಲಿಗೊಂಡರು. "ಅಮ್ಮಾ, ಇಲ್ಲಿ ನಿಲ್ಲೋರು ಕಥೋಲಿಕರೇ ಆಗಿರಬೇಕು. ನಿಮ್ಮ ಕೈ ಲೆಕ್ಕಕ್ಕೆ ಬರಲ್ಲ. ಒಂದು ನಿಮಿಷ, ಅಧ್ಯಕ್ಷರನ್ನ ಕರೀತೀನಿ."

"ಪಾಪ, ಅವರು ದೇವರ ಹತ್ರ ಮಾತಾಡ್ತಿದ್ದಾರೆ, ಎಬ್ಬಿಸಬೇಡಿ," ಎಂದಳು ಅಕ್ಕ. ಕೈ ತೆಗೆಯಲಿಲ್ಲ. "ನನ್ನ ಕೈ ಲೆಕ್ಕಕ್ಕೆ ಹಿಡೀಬೇಡಿ ಫಾದರ್. ನೀವು ಬೇಗ ನೀರು ಹಾಕಿ, ಇವನು ನಡುಗ್ತಿದ್ದಾನೆ."