ಒತ್ತು, ಬಿಡು

“ಹೊರದೇಶಗಳ ನೆರವಿನಿಂದ ನಿಮ್ಮ ಕೆಲಸಕ್ಕೆ ಎಷ್ಟು ಉಪಯೋಗವಾಗಿದೆ? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಿ” ಎಂದು ಪೂನಂ ಟ್ಯಾಬ್ ನೋಡಿಕೊಂಡು ಓದುತ್ತಿದ್ದಳು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕೂಗು ಕೇಳಿಸಿತು. ನರ್ಸ್ ತಾಹೇರಾ ಉತ್ತರ ಕೊಡದೆ ಎದ್ದು ಓಡಿದರು.

ದುಬಲಗುಂಡಿ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯ ಸಣ್ಣ ಆಸ್ಪತ್ರೆ ಅದು. ದೇಶಕ್ಕೆ ಮೊದಲು ಏನಾಗಬೇಕು, ಹೊರಗಿನ ನೆರವು ಜನರಿಗೆ ಮುಟ್ಟುತ್ತಿದೆಯೇ ಎಂದು ನಾನಾ ಬಗೆಯ ಜನರನ್ನು ಕೇಳಿ ಉತ್ತರಗಳನ್ನು ಟ್ಯಾಬ್‌ನಲ್ಲಿ ತುಂಬಿಸುವುದು ಬಸವಕಲ್ಯಾಣದ ಪೂನಂಳ ಕೆಲಸ. ಬೆಳಿಗ್ಗೆ ಹುಮನಾಬಾದಿನ ವ್ಯಾಪಾರಿ ಶಂಕರಲಿಂಗ, ಮೊದಲು ರಸ್ತೆಯಾಗಬೇಕು ಎಂದಿದ್ದರು. ರೈತ ಮಾಣಿಕಪ್ಪ ನೀರು ಎಂದಿದ್ದ. ನೆರವಿನ ಮಾತು ಬಂದಾಗ ಮಾತ್ರ ಇಬ್ಬರೂ ಒಂದೇ ರೀತಿ ನಕ್ಕಿದ್ದರು. “ಅದು ಬೆಂಗಳೂರಿನ ತನಕ ಬರ್ತದವ್ವಾ, ಮುಂದ ಹಾದಿ ತಪ್ತದ” ಎಂದಿದ್ದ ಮಾಣಿಕಪ್ಪ. ಈ ಅಂಕದ ಪ್ರಶ್ನೆಗೆ ಮುಂಚೆ ತಾಹೇರಾ ಕೂಡ ಮೂಲೆಯಲ್ಲಿದ್ದ ದೊಡ್ಡ ಯಂತ್ರದ ಕಡೆ ಕೈ ತೋರಿಸಿದ್ದರು. ಹುಟ್ಟಿದ ಕೂಸನ್ನು ಬೆಚ್ಚಗಿಡುವ ಯಂತ್ರ. ಮೈಮೇಲೆ ಯಾವುದೋ ದೇಶದ ಬಾವುಟದ ಚೀಟಿ. “ಕೆಟ್ಟು ನಿಂತದ. ಅದರ ಸಾಮಾನು ಇಲ್ಲೆಲ್ಲೂ ಸಿಗಂಗಿಲ್ಲ. ಈಗ ಅದರ ಮ್ಯಾಲ ಒಗದ ಅರಿಬಿ ಇಡ್ತೀವಿ.”

ಅಂದು ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಪೂನಂ ಬಾಗಿಲಿಗೆ ಬಂದು ನಿಲ್ಲುವಷ್ಟರಲ್ಲಿ, ಒಳಗೆ ನೋವು ತಿನ್ನುತ್ತಿದ್ದ ಸೋನಾಲಿ ಎಂಬ ಬಸುರಿಗೆ ಹೆರಿಗೆಯಾಗಿತ್ತು. ಆದರೆ ಕೂಸು ಅಳಲಿಲ್ಲ. ತಾಹೇರಾ ಅದನ್ನು ಬಟ್ಟೆಯಿಂದ ಒರೆಸಿದರು, ಬೆನ್ನು ತಿಕ್ಕಿದರು, ಅಂಗಾಲಿಗೆ ತಟ್ಟಿದರು. ಅದು ನೀಲಿಗಟ್ಟಿ, ನೆನೆದ ಬಟ್ಟೆಯ ಹಾಗೆ ಅವರ ಕೈಯಲ್ಲಿ ಜೋತುಬಿದ್ದಿತ್ತು. ಸೋನಾಲಿಯ ತಾಯಿ ಜಗದೇವಿ ಗೋಡೆಗೆ ಒರಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ತಾಹೇರಾ ಕೂಸನ್ನು ಮೇಜಿನ ಮೇಲೆ ಮಲಗಿಸಿ, ಕಪಾಟಿನಿಂದ ಒಂದು ರಬ್ಬರಿನ ಚೀಲ ತೆಗೆದರು. ಅದರ ತುದಿಯ ಬಟ್ಟಲನ್ನು ಕೂಸಿನ ಮೂಗು, ಬಾಯಿ ಮುಚ್ಚುವಂತೆ ಇಟ್ಟು ಚೀಲ ಒತ್ತತೊಡಗಿದರು. ಆಗಲೇ ಜಗದೇವಿ ಚೀರಿದಳು: “ಬಾಯೀ, ರಕ್ತ ನೋಡ್ರಿ.”

ಸೋನಾಲಿಯ ಮಂಚದಿಂದ ರಕ್ತ ನೆಲಕ್ಕೆ ಇಳಿಯುತ್ತಿತ್ತು. ತಾಹೇರಾ ಒಮ್ಮೆ ತಾಯಿಯನ್ನು ನೋಡಿದರು, ಒಮ್ಮೆ ಕೂಸನ್ನು ನೋಡಿದರು. ಆಮೇಲೆ ಪೂನಂಳನ್ನು ನೋಡಿದರು.

“ಬಾ ಬೇಟಾ, ಇದನ್ನ ಹಿಡಿ.”

“ಸಿಸ್ಟರ್, ನನಗ ಬರಂಗಿಲ್ರಿ.”

“ಬರ್ತದ. ಗದ್ದ ಹಿಂಗ ಎತ್ತಿ ಹಿಡಿ. ಬಟ್ಟಲ ಸಡಲ ಬಿಡಬ್ಯಾಡ. ಎದಿ ಏರೋದು ನೋಡ್ಕೋತ ಹೋಗು. ಒತ್ತು, ಬಿಡು. ಒತ್ತು, ಬಿಡು.”

ತಾಹೇರಾ ಸೋನಾಲಿಯ ಕಡೆ ತಿರುಗಿ, ರಕ್ತ ನಿಲ್ಲಲು ಸೂಜಿ ಕೊಟ್ಟು ಹೊಟ್ಟೆಯನ್ನು ಬಲವಾಗಿ ನೀವತೊಡಗಿದರು. ಆ ಕೆಲಸದ ನಡುವೆಯೂ ಅವರ ಬಾಯಿ ಅದೇ ಎರಡು ಮಾತು ಹೇಳುತ್ತಲೇ ಇತ್ತು. ಪೂನಂಳ ಕೈ ಆ ದನಿಯನ್ನು ಹಿಡಿದುಕೊಂಡು ನಡೆಯಿತು. ಒತ್ತಿದಾಗ ಮುಷ್ಟಿಯಷ್ಟಗಲದ ಎದೆ ಏರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ತಾನು ನಿಲ್ಲಿಸಿದರೆ ಅದೂ ನಿಲ್ಲುತ್ತದೆ ಎಂದು ತಿಳಿದಾಗ ಅವಳು ಮೇಜಿಗೆ ಇನ್ನಷ್ಟು ಹತ್ತಿರ ಸರಿದು ನಿಂತಳು.

ಎಷ್ಟು ಹೊತ್ತಾಯಿತೋ. ಮೊದಲು ತುಟಿಯ ನೀಲಿ ತಿಳಿಯಾಯಿತು. ಆಮೇಲೆ ಅವಳು ಒತ್ತುವ ಮೊದಲೇ ಎದೆ ತಾನಾಗಿ ಒಮ್ಮೆ ಎದ್ದಿತು. ಪೂನಂ ಗಾಬರಿಯಾಗಿ ತಾಹೇರಾರ ಕಡೆ ನೋಡಿದಳು. ಕೂಸು ಮುಖ ಕಿವುಚಿ, ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅತ್ತಿತು. ಬಣ್ಣ ಎದೆಯಿಂದ ಹೊರಟು ತೋಳಿಗೆ, ಬೆರಳಿಗೆ ಹರಿಯುವುದನ್ನು ಅವಳು ಕಣ್ಣಾರೆ ಕಂಡಳು. ಸೋನಾಲಿಯ ರಕ್ತವೂ ನಿಂತಿತ್ತು.

ತಾಯಿ, ಮಗುವನ್ನು ಹುಮನಾಬಾದಿಗೆ ಒಯ್ಯಲು ಆಂಬುಲೆನ್ಸ್ ಬಂತು. ಹತ್ತುವ ಮುಂಚೆ ಜಗದೇವಿ ಪೂನಂಳ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. “ನಿನ್ನ ಕೈಯಾಗಿನ ಗಾಳಿ ಅದ ಅವ್ವಾ, ಆ ಕೂಸಿನ ಒಳಗ” ಎಂದಳು.

ತಾಹೇರಾ ಕೈ ತೊಳೆದುಕೊಂಡು ಬಂದು ಕುಳಿತರು. “ಆ ನೆರವಿಂದು ಕೇಳಾಕತ್ತಿದ್ದೆಲ್ಲ, ಕೇಳು. ಆ ಮಷೀನು ಕೊಟ್ಟವರು ರಿಬ್ಬನ್ ಕಟ್ ಮಾಡಿ, ಫೋಟೋ ತಗೊಂಡು ಹೋದ್ರು. ಈ ಚೀಲ ಕೊಟ್ಟವರೂ ಅವರೇ. ಆದ್ರ ಇದರ ಜೋಡಿ ಒಬ್ಬಾಕಿ ಬಂದಿದ್ಳು, ಎಲ್ಲೋ ಸಮುದ್ರದ ಆಚಿಕಿನಾಕಿ, ನನ್ನಂಗ ನರ್ಸ್. ರಬ್ಬರಿನ ಗೊಂಬಿ ಇಟ್ಟು, ನಮ್ಮೊಬ್ಬೊಬ್ಬರ ಕೈ ಹಿಡಿದು ಕಲಿಸಿದ್ಳು. ಆಕಿ ಮಾತು ನಮಗ ತಿಳೀತಿರಲಿಲ್ಲ. ನಮಗಂತ ಎರಡ ಶಬ್ದ ಕನ್ನಡ ಕಲ್ತು ಬಂದಿದ್ಳು. ಅವೇ ಈಗ ನಾ ನಿನಗ ಅಂದದ್ದು.”

“ಹಂಗಾದ್ರ ಎಷ್ಟು ಅಂತ ಬರೀಲ್ರಿ, ಸಿಸ್ಟರ್?”

“ಮಷೀನಿಗೆ ಸೊನ್ನಿ ಬರಿ. ಆಕಿಗೆ…” ತಾಹೇರಾ ರಬ್ಬರಿನ ಚೀಲವನ್ನು ಎತ್ತಿಕೊಂಡು ಬಟ್ಟೆಯಿಂದ ಒರೆಸಿದರು. “ಹತ್ತರ ಮುಂದ ಅಂಕಿ ಇಲ್ಲೇನು ಅದರಾಗ?”

ಇರಲಿಲ್ಲ. ಪೂನಂ ಟ್ಯಾಬ್ ಮುಚ್ಚಿ ತನ್ನ ಬ್ಯಾಗಿಗೆ ಹಾಕಿದಳು.

ಸಂಜೆಯ ಹುಮನಾಬಾದ್ ಬಸ್ಸು ತುಂಬಿತ್ತು. ಎದುರಿನ ಸೀಟಿನಲ್ಲಿ ರುಮಾಲಿನ ಮುದುಕನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ. ಪಕ್ಕದಲ್ಲಿ ತೊಗರಿ ಹೊಲದಿಂದ ಬಂದ ಹೆಂಗಸು, ಅವಳಾಚೆ ಫೋನ್ ನೋಡುತ್ತಿದ್ದ ಕಾಲೇಜು ಹುಡುಗಿಯರು, ಟಿಕೆಟ್ ಹರಿಯುತ್ತ ಬರುತ್ತಿದ್ದ ಕಂಡಕ್ಟರ್. ಪೂನಂ ಒಬ್ಬೊಬ್ಬರನ್ನೇ ನೋಡುತ್ತ ಹೋದಳು. ಬಸ್ಸಿನ ತುಂಬ ಎದೆಗಳು ಏರಿ ಇಳಿಯುತ್ತಿದ್ದವು, ಯಾರೂ ಒತ್ತದೆ.