ಅಜ್ಜ ತೂಗಿದ ಹೊಟ್ಟೆನೋವು

ಹಸಿ ಕಂಬಳಿಯ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ಹೊಟ್ಟೆಗೆ ಹೋಗುತ್ತದೆ.

ರಜಾಕಾರರ ಹಾವಳಿಯ ವರ್ಷ ಅದು. ಶಹಾಪುರದ ಕಡೆಯ ನಮ್ಮ ಹಳ್ಳಿಯಿಂದ ಕುರಿ ಹೊಡೆದುಕೊಂಡು ಕೃಷ್ಣೆ ದಾಟಲು ಹೋದ ಅಪ್ಪ ತಿರುಗಿ ಬಂದಿರಲಿಲ್ಲ. ಆ ದಿನ ಬೆಳಿಗ್ಗೆ ಯಾರೋ ಅವನ ಕಂಬಳಿಯನ್ನಷ್ಟೇ ತಂದುಕೊಟ್ಟು ಹೋದರು. ಹೊಳೆ ನೀರು ಕುಡಿದು ಭಾರವಾಗಿದ್ದ ಅದನ್ನು ಅಜ್ಜ ಹೆಗಲಿನಿಂದ ಇಳಿಸಲೇ ಇಲ್ಲ. ಅಪ್ಪ ಹೋದಂದಿನಿಂದ ಬಿಟ್ಟು ಬಿಟ್ಟು ನೋಯುತ್ತಿದ್ದ ನನ್ನ ಹೊಟ್ಟೆ, ಮಧ್ಯಾಹ್ನದ ಹೊತ್ತಿಗೆ ಹಿಂಡತೊಡಗಿತು.

ಸಂತೆಯಲ್ಲಿ ಟಗರನ್ನು ಎತ್ತಿ ನೋಡಿಯೇ ತೂಕ ಹೇಳುತ್ತಿದ್ದ ಅಜ್ಜ, ನನ್ನನ್ನೂ ಹಾಗೆಯೇ ಕಂಕುಳಿಗೆ ಕೈಹಾಕಿ ಎತ್ತಿದ. ಒರಟು ಹೆಬ್ಬೆರಳಿನಿಂದ ಪಕ್ಕೆ ಒತ್ತಿ ನೋಡಿದ.

"ತೂಕ ಇಳ್ದಿಲ್ಲ. ಬ್ಯಾನಿ ಹತ್ತಿದ ಕುರಿ ಮೊದ್ಲು ಮೈ ಇಳೀತದ. ಈಕಿ ಸುಳ್ಳು ಹೇಳಾಕತ್ತಾಳ."

"ಖರೇನ ನೋಯಾಕತ್ತದ, ಅಜ್ಜಾ," ಎಂದೆ. ಅವನು ನನ್ನನ್ನು ನೆಲಕ್ಕೆ ಬಿಟ್ಟ.

ಒಲೆಯ ಮುಂದೆ ಕೂತಿದ್ದ ಅವ್ವ ತಲೆ ಎತ್ತಲಿಲ್ಲ. ಒಲೆ ಹೊತ್ತಿರಲೂ ಇಲ್ಲ.

"ಅಂಜಿದ ಕುರಿ ಮೈ ಇಳೀತದೇನ್ರಿ, ಮಾವ?" ಎಂದಳು.

ಅಜ್ಜ ಮತ್ತೆ ನನ್ನನ್ನು ಎತ್ತಿಕೊಂಡ. ಈ ಸಲ ತೂಗಲಿಲ್ಲ. ಆ ಹಸಿ ಕಂಬಳಿಗೆ ನನ್ನ ಮುಖ ಒತ್ತಿಕೊಂಡವನು, ಕತ್ತಲಾದರೂ ಇಳಿಸಲಿಲ್ಲ.